ಸುದ್ದಿ ಬರೆಯೋ ಕೈ, ದುಡ್ಡು ಹೂಡೋ ಕೈ



ಐಟಿಯಲ್ಲಿರೋ ನಮ್ಮ ಹುಡುಗ ಹುಡುಗೀರು ಟೆಕ್‌ಕ್ರಂಚ್ ಹೆಸರು ಕೇಳಿರ್ತೀರಿ. ಯಾವ ಸ್ಟಾರ್ಟಪ್ಪಿಗೆ ಯಾರು ಎಷ್ಟು ಬಂಡವಾಳ ಹಾಕಿದ್ರು ಅಂತ ಜಗತ್ತಿಗೆ ಹೇಳೋ ಅಮೆರಿಕದ ಆನ್‌ಲೈನ್ ಸುದ್ದಿಸಂಸ್ಥೆ ಅದು. ಅದರ ಚರಿತ್ರೆ ನಮಗೂ ಒಂದು ಪಾಠ.

2005ರ ಜೂನ್‌ನಲ್ಲಿ ಮೈಕಲ್ ಆರಿಂಗ್ಟನ್ ಎಂಬ ವಕೀಲರು ಕ್ಯಾಲಿಫೋರ್ನಿಯಾದ ತಮ್ಮ ಮನೆಯಿಂದಲೇ ಇದನ್ನ ಶುರು ಮಾಡಿದರು. ದೊಡ್ಡ ಪತ್ರಿಕೆಗಳು ಕಣ್ಣೆತ್ತಿ ನೋಡದ ಸಣ್ಣ ಕಂಪನಿಗಳ ಬಗ್ಗೆ ಬರೆದರು. ಅದು ಒಳ್ಳೇ ಕೆಲಸವೇ. 2007ರಲ್ಲಿ ಕ್ರಂಚ್‌ಬೇಸ್ ಎಂಬ ದಾಖಲೆ ಬಂತು. ಕಂಪನಿ ಯಾವುದು, ಕಟ್ಟಿದವರು ಯಾರು, ಹೂಡಿದವರು ಯಾರು, ಮೊತ್ತ ಎಷ್ಟು ಅನ್ನೋದರ ಲೆಕ್ಕ ಅದರಲ್ಲಿತ್ತು.

2010ರಲ್ಲಿ ಎಒಎಲ್ ಕಂಪನಿ ಟೆಕ್‌ಕ್ರಂಚನ್ನು ಕೊಂಡುಕೊಂಡಿತು. ಮರುವರ್ಷವೇ ಆರಿಂಗ್ಟನ್ ಸ್ಟಾರ್ಟಪ್‌ಗಳಲ್ಲಿ ದುಡ್ಡು ಹಾಕೋಕೆ 2 ಕೋಟಿ ಡಾಲರಿನ ಕ್ರಂಚ್‌ಫಂಡ್ ಕಟ್ಟಿದರು. ಅದಕ್ಕೆ ಎಒಎಲ್ಲೇ ಹಣ ಕೊಟ್ಟಿತ್ತು! ಸುದ್ದಿ ಬರೆಯೋ ಕೈ, ದುಡ್ಡು ಹೂಡೋ ಕೈ ಎರಡೂ ಒಂದೇ ಆದ್ರೆ ಹೇಗೆ ಅಂತ ಗದ್ದಲ ಎದ್ದು, ಅವರು ಸಂಸ್ಥೆ ಬಿಟ್ಟರು. ಆಮೇಲೆ ಸಂಸ್ಥೆ ಕೈಯಿಂದ ಕೈಗೆ ಹೋಯ್ತು: 2015ರಲ್ಲಿ ವೆರೈಝನ್, 2021ರಲ್ಲಿ ಅಪೊಲೊ, 2025ರಲ್ಲಿ ರೀಜೆಂಟ್.

ನಾನು ಆಫೀಸಲ್ಲಿ ಕಡತ ನೋಡೋ ಗುಮಾಸ್ತ. ರಿಜಿಸ್ಟರಲ್ಲಿ ಯಾವುದಕ್ಕೆ ಕಾಲಂ ಇರಲ್ವೋ, ಆ ವಿಷಯ ಸಾಹೇಬರ ಟೇಬಲ್ಲಿಗೆ ಹೋಗಲ್ಲ. ಸ್ಟಾರ್ಟಪ್ ಸುದ್ದಿಯ ರಿಜಿಸ್ಟರಲ್ಲಿ ಬಂಡವಾಳಕ್ಕೆ ಕಾಲಂ ಇದೆ. 'ಪ್ರತಿಭೆ'ಗೂ ಇದೆ. ಜೊತೆಗೆ ಕೂತು ಕೆಲಸ ಮಾಡೋನ ಜಾತಿ ಕೇಳಿ ಮೂಲೆಗೆ ತಳ್ಳೋ ಕಥೆಗೆ ಎಲ್ಲಿದೆ?

2020ರ ಜೂನ್ 30ರಂದು ಕ್ಯಾಲಿಫೋರ್ನಿಯಾ ಸರ್ಕಾರ ಸಿಸ್ಕೊ ಕಂಪನಿ ಮೇಲೆ ಮೊಕದ್ದಮೆ ಹೂಡಿತು. ದಲಿತ ಎಂಜಿನಿಯರ್ ಒಬ್ಬರಿಗೆ ಮೇಲ್ಜಾತಿಯ ಮೇಲಧಿಕಾರಿಗಳು ತಾರತಮ್ಯ ಮಾಡಿದರು ಅನ್ನೋದು ಆರೋಪ. ಕಂಪನಿ ಅದನ್ನ ಅಲ್ಲಗಳೆಯಿತು. 2023ರಲ್ಲಿ ಆ ಇಬ್ಬರು ಅಧಿಕಾರಿಗಳ ಮೇಲಿನ ದೂರನ್ನ ಸರ್ಕಾರವೇ ಕೈಬಿಟ್ಟಿತು, ಕಂಪನಿ ಮೇಲಿನದು ಉಳೀತು. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಪಾಸು ಮಾಡಿದ ಮಸೂದೆಗೆ ಮಾತ್ರ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ. ಜಾತಿ ಸಮುದ್ರ ದಾಟಿದ್ದು ಎಂದೋ. ಆದರೆ ಅದು ದೊಡ್ಡ ಸುದ್ದಿ ಆಗೋಕೆ ಕೋರ್ಟಿನ ಕಾಗದವೇ ಬೇಕಾಯ್ತು.

ಬಾಬಾಸಾಹೇಬರು ಇದನ್ನ ನೂರು ವರ್ಷದ ಹಿಂದೆಯೇ ಅರಿತಿದ್ದರು. 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಅಂದ್ರೆ ಪತ್ರಿಕೆಗೆ ದುಡ್ಡು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆ ದುಡ್ಡು ಯಾರ ಬಾಯಿ ತೆರೆಸುತ್ತೆ, ಯಾರ ಬಾಯಿ ಮುಚ್ಚಿಸುತ್ತೆ ಅನ್ನೋದೇ ಪ್ರಶ್ನೆ. ಮೂಕನಾಯಕ ಕೆಲವೇ ವರ್ಷಗಳಲ್ಲಿ ನಿಂತಿತು. ಬಾಬಾಸಾಹೇಬರು ನಿಲ್ಲಲಿಲ್ಲ, 1927ರಲ್ಲಿ 'ಬಹಿಷ್ಕೃತ ಭಾರತ' ತಂದರು.

ಐಟಿಯಲ್ಲಿರೋ ತಮ್ಮ ತಂಗಿಯರೇ, ನಿಮ್ಮ ಅನುಭವ ಬರೀರಿ. ಉಳಿದವರು ನಮ್ಮ ಪತ್ರಿಕೆಗಳಿಗೆ ಚಂದಾ ಕಟ್ಟಿ. ನಮ್ಮ ಕಾಲಂ ನಾವೇ ಗೀಚಬೇಕು.

ಜೈಭೀಮ್.