ವಿಜಯನಗರದ ಗುಲಾಬಿ: ಒಂದು ಪದದ ವಿಚಾರ

ವಿಜಯನಗರದ ಜನರಿಗೆ ಗುಲಾಬಿಯು ಅನ್ನದಷ್ಟೇ ಅಗತ್ಯವಾಗಿತ್ತೆಂಬ ಮಾತನ್ನು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಇದರ ಮೂಲವು 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನ ಬರಹ. ಆದರೆ ಆ ಬರಹದ ಎರಡು ಇಂಗ್ಲಿಷ್ ಅನುವಾದಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಸಂಶಯ ಹುಟ್ಟದಿರದು. ಮೇಜರನು 1857ರಲ್ಲಿ ಪ್ರಕಟಿಸಿದ ಪಾಠದಲ್ಲಿ ಎಲ್ಲೆಲ್ಲೂ ಮಾರುವುದು ಗುಲಾಬಿ. 1872ರ ಎಲಿಯಟ್ ಮತ್ತು ಡೌಸನ್ನರ ಸಂಪುಟದಲ್ಲಿ ಅದೇ ಎಡೆಯಲ್ಲಿರುವುದು ಪರಿಮಳದ ಹೂಗಳು ಮಾತ್ರ. ತೊಡಕು ಪಾರಸಿಯ 'ಗುಲ್' ಶಬ್ದದ್ದಾಗಿರಬೇಕು. ಅದಕ್ಕೆ ಹೂವೆಂಬ ಅರ್ಥವೂ ಉಂಟು, ಗುಲಾಬಿಯೆಂಬ ಅರ್ಥವೂ ಉಂಟು.

ಹಾಗೆಂದು ಗುಲಾಬಿಯನ್ನು ಹಂಪೆಯಿಂದ ಹೊರಗಟ್ಟುವಂತಿಲ್ಲ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸನು ಮಹಾನವಮಿಯ ಪೂಜೆಯನ್ನು ವರ್ಣಿಸುತ್ತ, ದೊರೆಯು ಬಿಳಿಯ ಗುಲಾಬಿಗಳನ್ನು ಹಿಡಿಹಿಡಿಯಾಗಿ ಕುದುರೆ, ಆನೆಗಳ ಮೇಲೆ ಎರಚಿದನೆನ್ನುತ್ತಾನೆ. ಇಲ್ಲಿ ಗಮನಿಸತಕ್ಕದ್ದು ಋತು. ಹಳೆಯ ಪಾರಸಿಕ ಗುಲಾಬಿಯು ಮುಖ್ಯವಾಗಿ ವಸಂತದಲ್ಲಿ ಅರಳುವಂಥದು. ವರ್ಷವಿಡೀ ಬಿಡುವ ಇಂದಿನ ತಳಿಗಳು ಬಹುಮಟ್ಟಿಗೆ 19ನೆಯ ಶತಮಾನದ ಈಚಿನವು. ಆಶ್ವಯುಜದಲ್ಲಿ ಬುಟ್ಟಿ ತುಂಬುವಷ್ಟು ಬಿಳಿಯ ಹೂ ದೊರೆಯಬೇಕಾದರೆ ಅದು ಮಳೆಗಾಲದ ಕೊನೆಗೆ ಅರಳುವ ಕಸ್ತೂರಿ ಗುಲಾಬಿಯ ಜಾತಿಯದೋ, ಅಥವಾ ಗುಲಾಬಿಯೇ ಅಲ್ಲದ ಬೇರೊಂದು ಹೂವೋ ಆಗಿರಬೇಕು. ಹಿಂದಿಯಲ್ಲಿ ಬಿಳಿಯ ಗುಲಾಬಿಗೆ 'ಸೇವತಿ' ಎನ್ನುತ್ತಾರೆ; ನಮ್ಮ 'ಸೇವಂತಿಗೆ'ಯಾದರೋ ಬೇರೆ ಹೂವು. ಪರದೇಶಿಯ ಕಿವಿಗೆ ಬಿದ್ದ ಹೆಸರು ಯಾವುದೆಂಬುದನ್ನು ಬಲ್ಲವರಾರು!

ಗಿಡದ ಸ್ವಭಾವವೂ ಇಲ್ಲಿ ಸಾಕ್ಷಿ ನುಡಿಯಬಲ್ಲದು. ಗುಲಾಬಿಗೆ ತಪ್ಪದೆ ನೀರು ಬೇಕು. ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒಣಗಿದ ಕಡ್ಡಿಗಳನ್ನು ಕಾಲಕಾಲಕ್ಕೆ ಸವರಿ ಗೊಬ್ಬರ ಹಾಕದಿದ್ದರೆ ಗಿಡ ಬಡವಾಗುತ್ತದೆ. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಕಾಲುವೆ, ಬಾವಿಗಳ ನೆರವಿಲ್ಲದೆ ಇದು ಆಗದ ಮಾತು. ಹಂಪೆಗೆ ಆ ಸೌಕರ್ಯವಿತ್ತು. ಬಂಡೆಗಳ ನಡುವಣ ತಗ್ಗಿನಲ್ಲಿ ಹರಿಯುವ ತುರ್ತಾ ಕಾಲುವೆ ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ಅಂದಿನ ನಾಗಲಾಪುರದ, ಎಂದರೆ ಇಂದಿನ ಹೊಸಪೇಟೆಯ ಬಳಿ, ಸಂಡೂರಿನ ಕಡೆಗೆ ಹಬ್ಬಿದ ಬೆಟ್ಟಗಳ ನಡುವೆ ಕೃಷ್ಣದೇವರಾಯನು ಕಟ್ಟಿಸಿದ ಕೆರೆಯ ನೀರು ಗದ್ದೆಗಳಿಗೂ ತೋಟಗಳಿಗೂ ಹರಿಯಿತೆಂದು ನ್ಯೂನಿಜನು ತಿಳಿಸುತ್ತಾನೆ. ಆದಕಾರಣ ಗುಲಾಬಿ ಬೆಳೆದಿರಲಾರದೆಂದು ಯಾರೂ ವಾದಿಸಲಾರರು. ನಗರದ ಹೂವೆಲ್ಲ ಗುಲಾಬಿಯೆಂದು ಹೇಳುವುದು ಮಾತ್ರ ಅತಿಶಯೋಕ್ತಿ.

ನಮ್ಮ ಅಭಿಪ್ರಾಯದಲ್ಲಿ, ಅಬ್ದುರ್ ರಜಾಕನ ಮಾತನ್ನು ಹೂವಿನ ಪೇಟೆಯ ಸಾಮಾನ್ಯ ವರ್ಣನೆಯೆಂದು ತೆಗೆದುಕೊಳ್ಳುವುದು ಯುಕ್ತ. ಗುಲಾಬಿಗೆ ಪ್ರತ್ಯೇಕ ಆಧಾರವನ್ನು ಅರಸಬೇಕಾದರೆ ಪ್ರವಾಸಿಗರನ್ನು ಬಿಟ್ಟು ಶಾಸನಗಳತ್ತ ತಿರುಗಬೇಕು. ದೇವಾಲಯಗಳ ಹೂದೋಟಗಳಿಗೆ ಬಿಟ್ಟ ಭೂದಾನಗಳು ಅಲ್ಲಿ ದಾಖಲಾಗಿವೆ. ದೇವರಿಗೆ ಏರಿದ ಹೂವಿನ ಹೆಸರು ಎಲ್ಲೆಲ್ಲಿ ಬಂದಿದೆಯೋ ಅದನ್ನೆಲ್ಲ ಒಂದೆಡೆ ಕಲೆಹಾಕುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು.