ಸಾರ್ವಜನಿಕ ವಸತಿಯಲ್ಲಿ ಕಟ್ಟಡ ನಿಯಮಗಳ ಜಾರಿ: ಇಂಗ್ಲೆಂಡ್

ನಗರಸಭೆಗಳು ಬಾಡಿಗೆದಾರರಿಗಾಗಿ ಕಟ್ಟಿಸುವ ಮನೆಗಳು ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವ ವ್ಯವಸ್ಥೆ. ಇಂಗ್ಲೆಂಡಿನಲ್ಲಿ ಇದರ ತೊಡಕುಗಳನ್ನು ಬಯಲಿಗೆ ತಂದದ್ದು ಲಂಡನ್ನಿನ ಎರಡು ದುರಂತಗಳು.

ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಮನೆಗಳ ತೀವ್ರ ಅಭಾವವಿತ್ತು. 1956ರ ಕಾಯಿದೆಯಂತೆ ಕಟ್ಟಡ ಎತ್ತರವಾದಷ್ಟೂ ಸರ್ಕಾರದ ಸಹಾಯಧನ ಹೆಚ್ಚುತ್ತಿತ್ತು. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಫಲಕಗಳನ್ನು ಒಂದರ ಮೇಲೊಂದು ಜೋಡಿಸಿ ಬೇಗ ಬೇಗ ಗೋಪುರಗಳನ್ನು ಎಬ್ಬಿಸಲಾಯಿತು. ಪೂರ್ವ ಲಂಡನ್ನಿನ 22 ಮಹಡಿಗಳ ರೋನನ್ ಪಾಯಿಂಟ್ ಅಂಥದೊಂದು. 1968ರ ಮೇ 16ರ ಬೆಳಗಿನ ಜಾವ 18ನೆಯ ಮಹಡಿಯ ನಿವಾಸಿಯೊಬ್ಬರು ಚಹಾ ಕಾಯಿಸಲೆಂದು ಕಡ್ಡಿ ಗೀರಿದಾಗ, ಸೋರಿದ್ದ ಅನಿಲ ಸ್ಫೋಟಿಸಿತು. ಕಡ್ಡಿ ಗೀರಿದವರು ಬದುಕುಳಿಯುವಷ್ಟು ಸಣ್ಣ ಸ್ಫೋಟ ಅದು. ಆದರೂ ಭಾರ ಹೊತ್ತ ಗೋಡೆ ಆಚೆಗೆ ಸಿಡಿದು, ಮೇಲಿನ ಮಹಡಿಗಳು ಕುಸಿದು, ಅವುಗಳ ಹೊಡೆತಕ್ಕೆ ಕಟ್ಟಡದ ಒಂದು ಮೂಲೆ ಪೂರ್ತಿ ನೆಲಕಚ್ಚಿತು. ನಾಲ್ವರು ಸತ್ತರು. ಹಾಗೆ ಸರಣಿಯಾಗಿ ಕುಸಿಯುವ ಸಾಧ್ಯತೆಯನ್ನು ಅಂದಿನ ನಿಯಮಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1970ರಲ್ಲಿ ನಿಯಮ ತಿದ್ದಲಾಯಿತು. ಗೋಪುರವನ್ನು ಬಲಪಡಿಸಿ ಮತ್ತೆ ಜನರನ್ನು ಇರಿಸಲಾಯಿತು.

ನಿಯಮ ತಿದ್ದಿದರೂ ಕಾಣದೆ ಉಳಿದ ದೋಷ ಹೊರಬಿದ್ದದ್ದು 1986ರಲ್ಲಿ. ವಾಸ್ತುಶಿಲ್ಪಿ ಸ್ಯಾಮ್ ವೆಬ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಗೋಪುರವನ್ನು ಒಂದೊಂದೇ ಮಹಡಿಯಾಗಿ ಬಿಚ್ಚಲಾಯಿತು. ಗಾರೆ ತುಂಬಿರಬೇಕಾಗಿದ್ದ ಸಂದುಗಳಲ್ಲಿ ಹಳೆಯ ಪತ್ರಿಕೆ, ಕಸ ಸಿಕ್ಕಿದವು. ಕಟ್ಟಡ ಕಾಮಗಾರಿಯ ತಪಾಸಣೆ ಎಡವುವುದು ಇಲ್ಲೇ. ಸಂದು ತೆರೆದಿರುವುದು ಕೆಲವೇ ಗಂಟೆ. ಆ ಹೊತ್ತಿನಲ್ಲಿ ಪರೀಕ್ಷಕ ಸ್ಥಳದಲ್ಲಿ ಇರದಿದ್ದರೆ ಮುಂದೆ ಯಾವ ಕಾಗದಪತ್ರವೂ ನಿಜ ಹೇಳದು.

2017ರ ಜೂನ್ 14ರಂದು ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಮಂದಿ ಸತ್ತರು. ನವೀಕರಣದಲ್ಲಿ ಹೊರಗೋಡೆಗೆ ಹೊದಿಸಿದ್ದ ಫಲಕಗಳ ಒಳಪದರ ಸುಲಭವಾಗಿ ಉರಿಯುವ ಪಾಲಿಎಥಿಲೀನ್. ಕಟ್ಟಡ ನಗರಸಭೆಯದೇ, ಕಾಮಗಾರಿಗೆ ಒಪ್ಪಿಗೆ ಕೊಟ್ಟದ್ದೂ ಅದೇ ನಗರಸಭೆಯ ಕಟ್ಟಡ ನಿಯಂತ್ರಣ ವಿಭಾಗ. ಖಾಸಗಿ ಪರೀಕ್ಷಕರಿಗೂ ಅವಕಾಶವಿದ್ದುದರಿಂದ ಇಂಥ ವಿಭಾಗಗಳು ಕೆಲಸಕ್ಕಾಗಿ ಪೈಪೋಟಿ ನಡೆಸಬೇಕಿತ್ತು; ಹಾಗಿರುವಾಗ ಅರ್ಜಿದಾರರನ್ನು ಗಿರಾಕಿಯಂತೆ ಕಾಣುವುದು ಅಭ್ಯಾಸವಾಗಿತ್ತು. ವಿಚಾರಣಾ ಸಮಿತಿಯ 2024ರ ಅಂತಿಮ ವರದಿ ಸರ್ಕಾರ, ನಗರಸಭೆ, ಗುತ್ತಿಗೆದಾರರು, ಫಲಕ ತಯಾರಕರು ಎಲ್ಲರನ್ನೂ ಹೊಣೆ ಮಾಡಿತು.

2022ರ ಕಟ್ಟಡ ಸುರಕ್ಷತಾ ಕಾಯಿದೆಯಿಂದ ಕನಿಷ್ಠ 18 ಮೀಟರ್ ಎತ್ತರ ಅಥವಾ ಕನಿಷ್ಠ 7 ಮಹಡಿ ಇರುವ ವಸತಿ ಕಟ್ಟಡಗಳು ಹೊಸ ನಿಯಂತ್ರಕರ ಕೈಗೆ ಬಂದವು. ಅನುಮತಿ ಸಿಗದೆ ಕೆಲಸ ಶುರುವಾಗುವಂತಿಲ್ಲ, ಪರೀಕ್ಷಕರನ್ನು ಕಟ್ಟುವವರು ಆರಿಸುವಂತಿಲ್ಲ. ಅನುಭವಿ ಪರೀಕ್ಷಕರ ಕೊರತೆಯಿಂದ ಅನುಮತಿಗಳು ತಿಂಗಳುಗಟ್ಟಲೆ ತಡವಾಗಿವೆ. ತಡ ಸಹಿಸಬಹುದು, ಕಣ್ಣುಮುಚ್ಚಿದ ಸಹಿಯನ್ನಲ್ಲ. ನಿವಾಸಿಗಳ ದೂರು ಕೇಳುವುದೂ ಈಗ ಕಾನೂನಿನ ಕರ್ತವ್ಯ. ಗ್ರೆನ್‌ಫೆಲ್‌ನ ನಿವಾಸಿಗಳು ಅಪಾಯದ ಬಗ್ಗೆ 2016ರ ನವೆಂಬರಿನಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದರು.