ನೀರು ಮೊದಲೋ ನಿವೇಶನ ಮೊದಲೋ: ಬೆಂಗಳೂರು ಬೆಳೆದ ದಾರಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನಾನು ಹಿಂಜರಿದೆ. "ಸಾರ್, ನಾನು ಬಿಇ ಓದಿದವನು. ನಿಮ್ಮ ಕೈಯಲ್ಲಿ ಹತ್ತನೇ ತರಗತಿ ಪಾಸಾದಮೇಲೆ ಇತಿಹಾಸದ ಪುಸ್ತಕ ಮುಟ್ಟಿಲ್ಲ" ಎಂದೆ. "ಬೆಂಗಳೂರಲ್ಲಿ ಇಷ್ಟು ವರ್ಷದಿಂದ ಇದ್ದೀಯಲ್ಲಪ್ಪ, ಆ ಊರು ಹೇಗೆ ಬೆಳೀತು ಅಂತ ಬರಿ. ಇನ್ನೇನು ಅದು ನಮ್ಮೂರಿಗೇ ಬರುತ್ತೆ" ಎಂದರು. ಮೇಷ್ಟ್ರ ಮಾತು ಮೀರುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸಂಜೆ ಹೊತ್ತು, ರಜಾ ದಿನಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಬೆಂಗಳೂರಿನ ಇತಿಹಾಸ ಎಂದರೆ 1537ರಿಂದ ಶುರು ಮಾಡುವುದು ವಾಡಿಕೆ. ನನ್ನ ಮಟ್ಟಿಗೆ ಅದು ಶುರುವಾದದ್ದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಮಹದೇವಪುರದ ಕಡೆ ನಾನು ಕೊಂಡ ಫ್ಲಾಟಿನ ನೆಲಮಾಳಿಗೆ ತುಂಬಿ, ಕರೆಂಟು ಹೋಗಿ, ಲಿಫ್ಟು ನಿಂತು, ನಮ್ಮ ರಸ್ತೆಯಲ್ಲಿ ಎದೆಮಟ್ಟದ ನೀರು ಹರಿಯುತ್ತಿತ್ತು. ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಸಾಫ್ಟ್‌ವೇರ್ ಜನರ ಫೋಟೋಗಳು ಆಗ ಪತ್ರಿಕೆಗಳಲ್ಲಿ ಬಂದವು, ಟಿವಿಯಲ್ಲೂ ಬಂದವು. ನಾನೂ ಹೆಂಡತಿ, ಮಗುವಿನ ಜೊತೆ ಅಂಥದೇ ಒಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಆಚೆ ಬಂದೆ. ಓಡಿಸುತ್ತಿದ್ದವರು ಪಕ್ಕದ ಹಳ್ಳಿಯವರು. "ಇದು ಕೆರೆ ಕೋಡಿ ನೀರು ಹೋಗೋ ಜಾಗ ಸಾರ್. ನೀವಿರೋ ಬಿಲ್ಡಿಂಗ್ ಜಾಗದಲ್ಲಿ ನಮ್ಮಪ್ಪ ಭತ್ತ ಬೆಳೀತಿದ್ರು" ಎಂದರು. ಅವರು ದೂರಿದಂತೆ ಹೇಳಲಿಲ್ಲ, ಸುಮ್ಮನೆ ಹೇಳಿದರು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಯಾಕೆಂದರೆ ನನ್ನ ತಾತ ನಮ್ಮೂರ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ಬಿಡಬೇಕು, ಕೋಡಿ ಬಿದ್ದರೆ ನೀರು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಕಣ್ಣುಮುಚ್ಚಿ ಹೇಳುತ್ತಿದ್ದ ಮನುಷ್ಯ. ಅವನ ಮೊಮ್ಮಗ ಇಪ್ಪತ್ತು ವರ್ಷದ ಸಾಲ ಮಾಡಿ ಕೋಡಿಯ ದಾರಿಯಲ್ಲಿ ಮನೆ ಕೊಂಡಿದ್ದ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿನ ದಿಣ್ಣೆಯ ಮೇಲೆ ಅದು ಕೂತಿದೆ. ಬಿದ್ದ ಮಳೆ ಒಂದು ಕಡೆ ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಇನ್ನೊಂದು ಕಡೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಇಂಥ ಜಾಗದಲ್ಲಿ ಊರು ಕಟ್ಟಬೇಕಾದರೆ ಮೊದಲು ಕೆರೆ ಕಟ್ಟಬೇಕು. ಹಿಂದಿನವರು ಅದನ್ನೇ ಮಾಡಿದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳ ಆಸರೆಯಲ್ಲಿ ಪೇಟೆ ಬೆಳೆಯಿತು. ಪೇಟೆಯ ಬೀದಿಗಳ ಹೆಸರು ನೋಡಿ: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಇಂದು ನಗರ ಯೋಜಕರು ನಕ್ಷೆಯಲ್ಲಿ ಬಣ್ಣ ಬಳಿದು ವಲಯ ಎಂದು ಕರೆಯುವುದು ಅಂದು ಕಸುಬಿನ ಹೆಸರಿನಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ಕೆಲಸಕ್ಕೆ ಹೋಗಲು ಎರಡು ಗಂಟೆ ಬಸ್ಸಿನಲ್ಲಿ ನಿಲ್ಲುವ ಕಷ್ಟ ಯಾರಿಗೂ ಇರಲಿಲ್ಲ.

1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ದಂಡು ಪ್ರದೇಶ ಕಟ್ಟಿದರು. ಅಲ್ಲಿಂದ ಒಂದೂರು ಎರಡಾಯಿತು. ಎರಡಕ್ಕೂ ಒಂದೇ ಪಾಲಿಕೆ ಬಂದದ್ದು 1949ರಲ್ಲಿ. ಅದು ದೊಡ್ಡ ಕಥೆ, ಇಲ್ಲಿ ಬೇಡ.

ಸರ್ಕಾರವೇ ಕುಳಿತು ಬೀದಿ, ನಿವೇಶನ ಎಂದು ಗೆರೆ ಎಳೆದದ್ದು ಎದ್ದು ಕಾಣುವುದು ಮಲ್ಲೇಶ್ವರ ಮತ್ತು ಬಸವನಗುಡಿಯಲ್ಲಿ. 1890ರ ದಶಕದಲ್ಲಿ ಯೋಜನೆಯಾದ ಈ ಬಡಾವಣೆಗಳಿಗೆ 1898ರ ಪ್ಲೇಗು ವೇಗ ಕೊಟ್ಟಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಯುವುದನ್ನು ಕಂಡ ಆಡಳಿತಕ್ಕೆ ಆಗ ಮೊದಲು ಕಂಡದ್ದು ಗಾಳಿ, ಬೆಳಕು, ಚರಂಡಿ. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಇಂದಿಗೂ ಅಲ್ಲಿ ನಡೆದಾಡುವುದು ಹಿತ. ಆದರೆ ಆ ಹಿಂದಿನ ಗಲ್ಲಿ ಇದ್ದದ್ದು ಯಾರಿಗಾಗಿ? ಮಲ ಹೊರುವವರು ಮುಂದಿನ ರಸ್ತೆಯಲ್ಲಿ ಕಾಣದೆ ಬಂದು ಹೋಗಲಿ ಎಂದು. ಆ ಗೆರೆಗಳಲ್ಲಿ ಆರೋಗ್ಯವೂ ಇತ್ತು, ಜಾತಿಯೂ ಇತ್ತು. ಮೇಷ್ಟ್ರು ತರಗತಿಯಲ್ಲಿ ಯಾವ ಪಾಠಕ್ಕೂ "ಇದರಲ್ಲಿ ಯಾರು ಕಾಣ್ತಿಲ್ಲ ಹೇಳಿ" ಎಂದು ಕೇಳುತ್ತಿದ್ದರು. ಈ ಭಾಗ ಓದುವಾಗ ಅದು ನೆನಪಾಯಿತು.

ಅದೇ ಕಾಲದ ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಬೆಂಗಳೂರಿಗೆ ಕೊಳವೆಯಲ್ಲಿ ಮೊದಲು ನೀರು ಹೋದದ್ದು ಹೆಸರಘಟ್ಟದಿಂದ, 1890ರ ದಶಕದಲ್ಲೇ. ಹೆಸರಘಟ್ಟಕ್ಕೆ ನೀರು ಬರುವುದು ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿಯುವ ಅರ್ಕಾವತಿಯಿಂದ, ಅಂದರೆ ನಮ್ಮ ಭಾಗದ ಕೆರೆಗಳು ತುಂಬಿ ಕೋಡಿ ಹರಿದ ನೀರು. ಮಲ್ಲೇಶ್ವರದವರು ನಲ್ಲಿ ತಿರುಗಿಸಿದಾಗ ಬಂದದ್ದರಲ್ಲಿ ನಮ್ಮೂರ ಮಳೆಯೂ ಒಂದಷ್ಟು ಇತ್ತು. ಆಮೇಲೆ ತಿಪ್ಪಗೊಂಡನಹಳ್ಳಿ ಜಲಾಶಯ, ಆಮೇಲೆ ಕಾವೇರಿ. ನಗರ ದೂರದಿಂದ ನೀರು ತರಲು ಕಲಿತಷ್ಟೂ ಪಕ್ಕದ ಕೆರೆಯ ಬೆಲೆ ಇಳಿಯಿತು.

1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ 1951ಕ್ಕೆ ಹತ್ತಿರ ಹತ್ತಿರ ಎಂಟು ಲಕ್ಷವಾಯಿತು. ಎಚ್‌ಎಎಲ್, ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್ ಬಂದವು. ಈ ಕಾರ್ಖಾನೆಗಳು ಕಾರ್ಮಿಕರಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮೈದಾನ ಎಲ್ಲವನ್ನೂ ಒಟ್ಟಿಗೆ ಕಟ್ಟಿದವು. ಕೆಲಸ ಕೊಡುವವರೇ ಮನೆಯ ಚಿಂತೆಯನ್ನೂ ಹೊತ್ತ ಕಾಲ ಅದು. ನಮ್ಮ ಐಟಿ ಕಂಪನಿಗಳು ಗಾಜಿನ ಕಟ್ಟಡ ಕಟ್ಟಿದವು, ಮನೆಯ ವಿಚಾರ ನಮಗೇ ಬಿಟ್ಟವು.

1945ರಲ್ಲಿ ಸಿಐಟಿಬಿ, ಜನ ಕರೆಯುತ್ತಿದ್ದಂತೆ ಟ್ರಸ್ಟ್ ಬೋರ್ಡು, ಹುಟ್ಟಿತು. ಸುತ್ತಲ ಹಳ್ಳಿಗಳ ಜಮೀನು ಸ್ವಾಧೀನ ಮಾಡಿಕೊಂಡು ಜಯನಗರ, ರಾಜಾಜಿನಗರದಂಥ ಬಡಾವಣೆಗಳನ್ನು ಮಾಡಿತು. 'ಮೂವತ್ತು ನಲವತ್ತು ಸೈಟು' ಎಂಬ ಮಾತು ಕನ್ನಡದ ಮಾತೇ ಆಗಿಹೋಯಿತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಆಗಲೂ ಮುಖ್ಯ ಕೆಲಸ ಸೈಟು ಹಂಚುವುದೇ. ಅರ್ಜಿ ಹಾಕಬೇಕು, ಸಿಗದಿದ್ದರೆ ಮತ್ತೆ ಹಾಕಬೇಕು, ಎಷ್ಟು ಸಲ ಹಾಕಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು.

ನನಗೆ ಇಲ್ಲಿ ಒಂದು ತಕರಾರಿದೆ. ಸೈಟು ಎಂದರೆ ಮನೆಯಲ್ಲ. ಕಟ್ಟಲು ದುಡ್ಡಿದ್ದವನಿಗೆ ಮಾತ್ರ ಅದು ಮನೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ನನ್ನ ಜೊತೆ ಹತ್ತನೇ ತರಗತಿ ಓದಿ ಇಂದು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿರುವ ಗೆಳೆಯರು, ಇವರೆಲ್ಲ ಇರುವುದು ನಗರ ನುಂಗಿದ ಹಳ್ಳಿಗಳ ಗ್ರಾಮಠಾಣದಲ್ಲಿ, ವಠಾರಗಳಲ್ಲಿ, ಶೀಟಿನ ಮನೆಗಳಲ್ಲಿ. ಬಾಡಿಗೆಗಿರುವವನಿಗಾಗಿ ನಗರ ಮನಸ್ಸಿಟ್ಟು ಯೋಜನೆ ಮಾಡಿದ್ದು ಬಹಳ ಕಡಿಮೆ.

ಸೈಟು ಮೊದಲು ಎಂದಮೇಲೆ ಜಾಗ ಬೇಕಲ್ಲ. ಸರ್ಕಾರದ್ದೇ ಆದ, ಪರಿಹಾರ ಕೊಡಬೇಕಿಲ್ಲದ ಜಾಗ ಕೆರೆಯಂಗಳ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ನಾವು ಊರಿಂದ ಹೋಗಿ ಇಳಿಯುವುದೇ ಒಂದು ಕೆರೆಯೊಳಗೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ, ದೊಮ್ಮಲೂರು ಕೆರೆ ಬಿಡಿಎ ಬಡಾವಣೆ. ಉಳಿದ ಕೆರೆಗಳನ್ನಾದರೂ ಕಾಪಾಡಿ ಎಂದು ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತ್ತು. ಅಷ್ಟು ಹೊತ್ತಿಗೆ ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳ ಮೇಲೂ ಕಣ್ಣು ಬಿದ್ದಿತ್ತು. ಕೆರೆ ಹೋದರೆ ಎಲ್ಲರಿಗೂ ಕಾಣುತ್ತದೆ. ಕಾಲುವೆ ಹೋಗುವುದು ಅಡಿ ಅಡಿಯಾಗಿ, ಯಾರಿಗೂ ಕಾಣದೆ.

ಹಾಗಾದರೆ ಯೋಜನೆಯೇ ಇರಲಿಲ್ಲವೇ? ಇತ್ತು, ಒಂದಲ್ಲ ಹಲವು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಗೆಂದೇ ಕಾಯ್ದೆ ಬಂತು. ಅದರ ಪ್ರಕಾರ ಮೊದಲ ರೂಪರೇಖೆ ಯೋಜನೆಗೆ 1972ರಲ್ಲಿ ಒಪ್ಪಿಗೆ ಸಿಕ್ಕಿತು. ನಂತರ 1984, 1995 ಮತ್ತು 2007ರ ಯೋಜನೆಗಳು. ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ನಗರದ ಸುತ್ತ ಹಸಿರು ಪಟ್ಟಿ ಎಂದೂ ಬರೆದರು. ಪ್ರತಿ ಹೊಸ ಯೋಜನೆಯಲ್ಲೂ ಆ ಪಟ್ಟಿ ಆಚೆಗೆ ಸರಿಯಿತು. ಹಸಿರು ಪಟ್ಟಿಯೊಳಗೆ ರೈತ ಅಧಿಕೃತವಾಗಿ ಬಡಾವಣೆ ಮಾಡುವಂತಿಲ್ಲ, ಬೇಸಾಯದಲ್ಲಿ ಹುಟ್ಟುವಳಿ ಇಲ್ಲ. ಹೀಗಾಗಿ ಭೂ ಪರಿವರ್ತನೆ ಇಲ್ಲದೆ, ನಕ್ಷೆಗೆ ಮಂಜೂರಾತಿ ಇಲ್ಲದೆ ರೆವಿನ್ಯೂ ಸೈಟುಗಳು ಹುಟ್ಟಿದವು. ಆಮೇಲೆ ಬಿ ಖಾತೆ, ಆಮೇಲೆ ಅಕ್ರಮ-ಸಕ್ರಮ. 2017ರಲ್ಲಿ ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಮ್ಮ ಕೆಲಸದಲ್ಲೂ ಇದುಂಟು: ಪ್ರೋಗ್ರಾಂ ಬರೆದು ಗ್ರಾಹಕರಿಗೆ ಕೊಟ್ಟಾದ ಮೇಲೆ, ಅದು ಹೀಗೇ ಇರಬೇಕೆಂದು ಮೊದಲೇ ಯೋಚಿಸಿದ್ದೆವು ಎಂಬಂತೆ ದಾಖಲೆ ಬರೆಯುತ್ತೇವೆ. ಬೆಂಗಳೂರಿನ ಮಾಸ್ಟರ್ ಪ್ಲಾನುಗಳನ್ನು ಓದುವಾಗ ನನಗೆ ನಗು ಬಂದದ್ದು ಅದಕ್ಕೇ.

2007ರ ಯೋಜನೆ 2015ಕ್ಕೆ ಎಂದು ಮಾಡಿದ್ದು. ಮುಂದಿನ 2031ರ ಕರಡು 2017ರಲ್ಲಿ ಪ್ರಕಟವಾಯಿತು, ಜಾರಿಗೆ ಬರಲಿಲ್ಲ, ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಅವಧಿ ಮುಗಿದ ನಕ್ಷೆಯಲ್ಲೇ ನಗರ ನಡೆಯಿತು. ಕೆರೆಯಿಂದ ಎಷ್ಟು ದೂರದಲ್ಲಿ ಕಟ್ಟಬಹುದು ಎಂಬುದಕ್ಕೂ ಇದೇ ಗತಿ. ಯೋಜನೆಯಲ್ಲಿ 30 ಮೀಟರ್ ಇತ್ತು, 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನೀರಿಗೆ ಈ ಆದೇಶಗಳು ಯಾವುವೂ ತಲುಪಲಿಲ್ಲ.

2007ರಲ್ಲೇ ಮಹದೇವಪುರವೂ ಸೇರಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಆ ನಡುವೆ ಹುಟ್ಟಿದ ಮಗು ಹತ್ತನೇ ತರಗತಿ ಮುಗಿಸಿರುತ್ತದೆ. ತೆರಿಗೆ ಮೊದಲು, ಅಪಾರ್ಟ್‌ಮೆಂಟ್ ಆಮೇಲೆ, ಟ್ಯಾಂಕರ್ ಅದರ ಹಿಂದೆ, ನೀರು ಕೊನೆಗೆ.

ಈಗ ನಮ್ಮೂರಿನ ವಿಚಾರ. 1985ರ ಕಾಯ್ದೆಯಿಂದ ಬಂದ ಬಿಎಂಆರ್‌ಡಿಎ ವ್ಯಾಪ್ತಿಯಲ್ಲಿ ನಾವೂ ಇದ್ದೇವೆ. ಉಪನಗರ ವರ್ತುಲ ರಸ್ತೆ ನಮ್ಮ ತಾಲ್ಲೂಕಿನಲ್ಲಿ ಹಾದುಹೋಗಿದೆ. ಹೆದ್ದಾರಿ ಬದಿಯಲ್ಲಿ ಬಾವುಟ ನೆಟ್ಟ ಲೇಔಟುಗಳನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಕೆರೆಯ ಅಚ್ಚುಕಟ್ಟಿನಲ್ಲಿ ತಾತನಿಂದ ಬಂದ ಇಪ್ಪತ್ತು ಗುಂಟೆಯನ್ನು ಅಪ್ಪ 2018ರಲ್ಲಿ ಅಂಥವರಿಗೇ ಮಾರಿದರು. ಸತ್ಯ ಹೇಳುವುದಾದರೆ, ಅಪ್ಪನಿಗೆ ಮನಸ್ಸಿರಲಿಲ್ಲ. ಮಾರಿಸಿದವನು ನಾನು. ಬೆಂಗಳೂರಿನ ಫ್ಲಾಟಿಗೆ ಮುಂಗಡ ಕಟ್ಟಬೇಕಿತ್ತು. ಕೆರೆಯ ಕೋಡಿ ಹಳ್ಳ ಆ ಗದ್ದೆಯ ಬದುವಿನಲ್ಲೇ ಹೋಗುತ್ತದೆ ಎಂದು ಅಪ್ಪ ಹೇಳಿದರು. "ಅದೆಲ್ಲ ಅವರು ನೋಡ್ಕೋತಾರೆ ಬಿಡಪ್ಪ" ಎಂದು ನಾನು ಹೇಳಿದೆ.

2022ರ ಮಳೆಗೆ ನಮ್ಮ ಕೆರೆಯೂ ಕೋಡಿ ಬಿತ್ತು. ನಾನು ಬೆಂಗಳೂರಿನಲ್ಲಿ ಟ್ರ್ಯಾಕ್ಟರ್ ಹತ್ತಿದ ವರ್ಷವೇ ನಮ್ಮ ಶಾಲೆಯ ಮೈದಾನದಲ್ಲಿ ನೀರು ನಿಂತು, ಎಂಟನೇ ತರಗತಿ ಕೋಣೆಯೊಳಗೆ ನುಗ್ಗಿತು. ನಾವು ಓದುವಾಗ ಎಷ್ಟೋ ಸಲ ಕೋಡಿ ಬಿದ್ದಿದೆ. ಮಧ್ಯಾಹ್ನದ ಬಿಡುವಿನಲ್ಲಿ ಹಳ್ಳದಲ್ಲಿ ಮೀನು ಹಿಡಿದು ಪೆಟ್ಟು ತಿಂದದ್ದೂ ಇದೆ. ನೀರು ಶಾಲೆಯ ಕಾಂಪೌಂಡಿನೊಳಗೆ ಮಾತ್ರ ಬಂದಿರಲಿಲ್ಲ.

ಈ ಲೇಖನಕ್ಕಾಗಿ ಕಳೆದ ತಿಂಗಳು ಊರಿಗೆ ಬಂದಾಗ ಮೇಷ್ಟ್ರು ಗ್ರಾಮ ನಕಾಶೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿದರು. ನಾನು ಮೊಬೈಲಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದೆ. ಹಳೇ ನಕಾಶೆಯಲ್ಲಿ ಕೆರೆ ಕೋಡಿಯಿಂದ ಶಾಲೆಯ ಹಿಂಭಾಗ ದಾಟಿ ಮುಂದಿನ ಕೆರೆಯವರೆಗೂ ಹಳ್ಳ ಜೋಡಿಗೆರೆಯಲ್ಲಿದೆ. ಇಬ್ಬರೂ ಆ ಗೆರೆಯ ಮೇಲೆ ನಡೆದೆವು. ಲೇಔಟಿನ ಕಲ್ಲಿನವರೆಗೆ ಹಳ್ಳ ಇದೆ. ಅಲ್ಲಿಂದ ಒಂದು ಸಿಮೆಂಟ್ ಪೈಪು, ಅದರ ಬಾಯಿಗೆ ಅಡ್ಡವಾಗಿ ಲಂಟಾನ ಬೆಳೆದಿದೆ. ಪೈಪು ಹೋಗುವುದು ತಾತನ ಗದ್ದೆಯ ಅಡಿಯಲ್ಲಿ. ಮೇಷ್ಟ್ರು ಪೈಪಿನ ಬಾಯಿಯನ್ನು ತಮ್ಮ ಕೊಡೆಯಿಂದ ಅಳೆದರು. ಕೊಡೆಯ ಉದ್ದವೂ ಇರಲಿಲ್ಲ.

ಹಳ್ಳವನ್ನು ಅಳತೆ ಮಾಡಿಸಿ, ನಕಾಶೆಯಲ್ಲಿರುವಷ್ಟು ಅಗಲಕ್ಕೆ ಬಿಡಿಸಿಕೊಡಬೇಕೆಂದು ಶಾಲಾಭಿವೃದ್ಧಿ ಸಮಿತಿಯವರು ತಹಶೀಲ್ದಾರರಿಗೆ ಅರ್ಜಿ ಬರೆದಿದ್ದಾರೆ. ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನನ್ನ ಸಹಿಯೂ ಇದೆ, ಕೆಳಗೆ ಅಪ್ಪನದೂ ಇದೆ. ಸೈಟು ಕೊಂಡವರು ಹೆಚ್ಚಿನವರು ಬೆಂಗಳೂರಿನವರು, ನನ್ನ ಹಾಗೆ ಸಾಲ ಮಾಡಿದವರು. ಅವರಲ್ಲಿ ಇಬ್ಬರಿಗೆ ಫೋನ್ ಮಾಡಿದ್ದೇನೆ. ಒಬ್ಬರು ಸಿಟ್ಟಾದರು. ಇನ್ನೊಬ್ಬರು, ಅಳತೆಯ ದಿನ ತಿಳಿಸಿ, ಬರುತ್ತೇನೆ ಎಂದಿದ್ದಾರೆ.